ಕಾಲು ಮುರಿದ ಮಣೆ

ಬಹಳ ಹಿಂದೆ, ಹುಲಿಗೂ ಆಮೆಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಗಪುರ ಅಂತ ಒಂದು ರಾಜ್ಯವಿತ್ತು. ಕೇಳುವವರು ನೆಲದ ಮೇಲೆಯೇ ಹತ್ತಿರ ಸರಿದು ಕೂತುಕೊಳ್ಳಿ. ಈ ಕತೆಗೆ ನೆಲವೇ ಸರಿ, ಯಾಕೆಂಬುದು ಆಮೇಲೆ ತಿಳಿಯುತ್ತದೆ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಸಾಮಾನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ, ಕೊಡುವವರು ಅದರ ಮೇಲೆ ಅಂಗೈ ಇಟ್ಟು, ಅದು ಯಾರ ಕೈಯಲ್ಲಿ ಬಾಳಿದ್ದು ಅಂತ ಹೇಳಿಯೇ ಕೊಡಬೇಕು. "ಇದು ನಮ್ಮತ್ತಿ ಕೈಯಾಗಿನ ಬೀಸಣಿಕಿ. ಕೂಸಿಗೆ ಗಾಳಿ ಹಾಕಿ ಹಾಕಿ ಹಿಡಿಕಿ ಸವದೈತಿ ನೋಡವ್ವಾ," ಅಂತ ಹೇಳಬೇಕು. ತೆಗೆದುಕೊಳ್ಳುವವರೂ ಅಂಗೈ ಇಟ್ಟು, ಕೇಳಿಸಿಕೊಂಡು, ಆಮೇಲೆ ಎತ್ತಿಕೊಳ್ಳಬೇಕು. ಇದಕ್ಕೆ ಕೈ ಹೇಳೋದು ಅನ್ನುತ್ತಿದ್ದರು. ಕೈ ಹೇಳದ ಸಾಮಾನು ಯಾರ ಹೊಸ್ತಿಲನ್ನೂ ದಾಟುತ್ತಿರಲಿಲ್ಲ.

ಇನ್ನು ಅಲ್ಲಿನ ದೊಡ್ಡ ಹಬ್ಬವೆಂದರೆ ಮನೆ ನೋಡೋ ಹಬ್ಬ. ವರ್ಷಕ್ಕೊಮ್ಮೆ, ಮಾವಿನ ಮರ ಹೂಬಿಟ್ಟಾಗ, ಎಲ್ಲರೂ ಎಲ್ಲರ ಮನೆಗೆ ಹೋಗಿ, ಕೂತು, ನೀರುಬೆಲ್ಲ ತೆಗೆದುಕೊಂಡು, ಗೋಡೆಯ ಬಣ್ಣವನ್ನೂ ಬಾಗಿಲ ರಂಗೋಲಿಯನ್ನೂ ಹೊಗಳಿ ಬರಬೇಕು. ಮನಸ್ಸಿನಲ್ಲಿ ಏನಾದರೂ ಅಂದುಕೊಳ್ಳಲಿ, ಬಾಯಲ್ಲಿ ಹೊಗಳಬೇಕು. ಹಾಗೆ ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಊರ ಹೆಬ್ಬಾಗಿಲ ಬಳಿ ಒಬ್ಬ ಮಾಯಗಾರ ಬಂದು ಅರಮನೆಯಂಥ ಅಂಗಡಿ ಕಟ್ಟಿದ. ಅವನ ನಿಲುವಂಗಿಯ ತುಂಬ ಕನ್ನಡಿ ಚೂರು. ಅವನು ಬಿಸಿಲಿಗೆ ಬಂದರೆ ಎದುರಿಗಿದ್ದವರು ಕಣ್ಣು ಮುಚ್ಚಬೇಕು. ಹೆಸರು ಥಳಕರಾಯ. ಅವನ ಅಂಗಡಿಯಲ್ಲಿ ಬೆಳ್ಳಿಯ ಉಯ್ಯಾಲೆ, ಹವಳದ ಕಾಲಿನ ಮಂಚ, ಗಳಿಗೆಗೊಂದು ಬಣ್ಣ ತಾಳುವ ಪರದೆ, ಏನುಂಟು ಏನಿಲ್ಲ. ಬೆಲೆ ಕೇಳಿದರೆ ನಕ್ಕುಬಿಡುತ್ತಿದ್ದ.

"ರೊಕ್ಕ ಯಾರಿಗೆ ಬೇಕ್ರಿ? ಮನಿಯಾಗಿನ ಹಳೇದೆಲ್ಲಾ ಹೊರಗ ಒಗೀರಿ. ಹಬ್ಬದ ದಿನ ನಾ ಬಂದಾಗ ಬಾಗಲಾ ತಗೀರಿ. ಅಷ್ಟ ಸಾಕು."

ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ? ಊರಿಗೆ ಊರೇ ಹಳೆಯ ಸಾಮಾನನ್ನು ಹೊರಗೆ ಸುರಿದು ಥಳಕರಾಯನ ಸಾಮಾನು ತುಂಬಿಕೊಂಡಿತು. ಮನೆಗಳು ಫಳಫಳ ಹೊಳೆದವು. ಆದರೆ ಹವಳದ ಮಂಚಕ್ಕೆ ಗೀರು ಬಿದ್ದೀತೆಂದು ಊರ ಗೌಡರು ದನದ ಪಕ್ಕದಲ್ಲಿ ಹುಲ್ಲು ಹಾಸಿಕೊಂಡು ಮಲಗತೊಡಗಿದರು. ಹೆಂಗಸರು ಅಂಗಳದಲ್ಲಿ ಒಲೆ ಹೂಡಿದರು. ಅರಸನಂತೂ ಮೆರುಗು ಹಾಕಿಸಿದ ಅಜ್ಜನ ಕಾಲದ ಸಿಂಹಾಸನ ಸವೆದೀತೆಂದು ನಿಂತೇ ರಾಜ್ಯಭಾರ ಮಾಡಿ, ಕಾಲು ಬಾತು, ಸಂಜೆಗೆ ಬಿಸಿನೀರಿನ ಕೊಪ್ಪರಿಗೆಯಲ್ಲಿ ಪಾದ ಇಟ್ಟುಕೊಂಡು ನರಳುತ್ತಿದ್ದ. ಕೈ ಹೇಳುವ ಪದ್ಧತಿಯೂ ಬಿದ್ದುಹೋಯಿತು. ಹೊಸ ಸಾಮಾನಿಗೆ ಯಾರ ಕೈ ಅಂತ ಹೇಳುವುದು?

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಬ್ಬದ ದಿನ ಥಳಕರಾಯನಿಗೆ ಬಾಗಿಲು ತೆಗೆದವರು ಮರುದಿನ ಮನೆಯಲ್ಲಿ ಇರುತ್ತಿರಲಿಲ್ಲ. ಎಲ್ಲಿ ಅಂದರೆ, "ಬೀಗರ ಊರಿಗೆ ಹೋಗ್ಯಾರ," ಅಂತ ಮನೆಯವರು ಮುಖ ತಿರುಗಿಸುತ್ತಿದ್ದರು. ಹಾಗೆ ಹೋದವರೆಲ್ಲ ನಿಜವಾಗಿ ಹೋಗಿದ್ದರೆ ಬೀಗರ ಊರುಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಆ ಊರಿನ ಹಗ್ಗ ಹೊಸೆಯುವವರ ಓಣಿಯ ಕೊನೆಯಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಅಕ್ಕ ರಾಯವ್ವ, ತಂಗಿ ನಿಂಬೆವ್ವ. ತಾಯಿತಂದೆ ಹೋಗಿ ಬಹಳ ಕಾಲವಾಗಿತ್ತು. ನಿಂಬೆವ್ವನಿಗೆ ಹಾಲುಹಲ್ಲು ಬಿದ್ದಾಗ ಅದನ್ನು ಸೂರಿನ ಮೇಲೆ ಎಸೆದದ್ದೂ ರಾಯವ್ವನೇ, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಇಟ್ಟದ್ದೂ ರಾಯವ್ವನೇ. ಇಬ್ಬರೂ ಕೌದಿ ಹೊಲಿದು ಬದುಕುತ್ತಿದ್ದರು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದರೆ ಕೌದಿ. ಊರಿನಲ್ಲಿ ಹಳೆಯದೇ ಬೇಡವಾದ ಮೇಲೆ ಕೌದಿ ಯಾರಿಗೆ ಬೇಕು? ಮನೆಯಲ್ಲಿ ಉಳಿದದ್ದು ನಾಲ್ಕು ಗೋಡೆ, ಅವ್ವ ಹೊಲಿದ ಒಂದು ಕೌದಿ, ಗಡಿಗೆ ಇಡಲು ಸೂರಿಗೆ ತೂಗುಬಿಟ್ಟ ಒಂದು ಹಗ್ಗದ ನೆಲವು.

ಆ ವರ್ಷದ ಹಬ್ಬಕ್ಕೆ ಸ್ವಲ್ಪ ಮೊದಲು ಬಾವಿಕಟ್ಟೆಯಲ್ಲಿ ಯಾರೋ ಅಂದ ಮಾತು ರಾಯವ್ವನ ಕಿವಿಗೆ ಬಿತ್ತು. "ದನದ ಕೊಟ್ಟಿಗಿನ ಆ ಕೌದಿಯವರ ಮನಿಗಿಂತ ಚಂದ ಐತಿ. ಆ ಮನಿ ಹುಡುಗೀನ್ನ ಯಾರು ಮಾಡ್ಕೋತಾರ?"

ತನ್ನನ್ನು ಅಂದಿದ್ದರೆ ರಾಯವ್ವ ನುಂಗಿಕೊಳ್ಳುತ್ತಿದ್ದಳು. ಅಂದದ್ದು ತಂಗಿಯನ್ನು. ಕೊಡವನ್ನು ಅಲ್ಲೇ ಇಟ್ಟು ನೆಟ್ಟಗೆ ಥಳಕರಾಯನ ಅಂಗಡಿಗೆ ಹೋದಳು. ಅವ್ವನ ಕೌದಿಯನ್ನೂ ಹಗ್ಗದ ನೆಲವನ್ನೂ ಕಣ್ಣು ಮುಚ್ಚಿಕೊಂಡು ಹೊರಗೆ ಹಾಕಿ, ಅವನ ಸಾಮಾನು ಮನೆಗೆ ತಂದಳು. ನಿಂಬೆವ್ವ ಅತ್ತಳು, ಬೇಡವೆಂದಳು, ಅಕ್ಕ ಕೇಳಲಿಲ್ಲ.

"ಒಂದು ಹಬ್ಬ ತಡಿ ನಿಂಬೀ. ಊರವರು ಒಳಗ ಬಂದು ನಿನ್ನ ಮಾರಿ ನೋಡಲಿ."

ಹಬ್ಬದ ದಿನ ಬಾಗಿಲು ಬಡಿದ ಸದ್ದಾಯಿತು. ರಾಯವ್ವ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದಳು. ಥಳಕರಾಯ ತನ್ನ ಬೆತ್ತದಿಂದ ಹೊಸ್ತಿಲನ್ನು ಮುಟ್ಟಿದ. ಅಷ್ಟೇ. ರಾಯವ್ವ ನಿಂತಲ್ಲೇ ಹಿತ್ತಾಳೆಯ ದೀಪದ ಮಲ್ಲಿಯಾದಳು. ಎರಡೂ ಕೈಯಲ್ಲಿ ಹಣತೆ ಹಿಡಿದು ನಿಂತ ಹೆಣ್ಣಿನ ಗೊಂಬೆಯನ್ನು ನೀವು ನೋಡಿರುತ್ತೀರಿ, ಅದೇ. ಬೀಗರ ಊರಿಗೆ ಹೋದವರು ಎಲ್ಲಿಗೆ ಹೋಗಿದ್ದರು, ಅಂಗಡಿಗೆ ಹೊಸ ಮಾಲು ಎಲ್ಲಿಂದ ಬರುತ್ತಿತ್ತು ಎಂಬುದು ನಿಂಬೆವ್ವನಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಅವಳು ಓಡಿಬಂದು ಮಂಡಿಯೂರಿ ಕೂತು ಅಕ್ಕನ ಹಿತ್ತಾಳೆಯ ಸೊಂಟವನ್ನು ತಬ್ಬಿಕೊಂಡಳು. "ನಿನ್ನ ಸಾಮಾನೆಲ್ಲಾ ಒಯ್ಯಿ. ನನ್ನ ಅಕ್ಕನ್ನ ಬಿಡು."

"ಸಾಮಾನು ಒಯ್ತೀನಿ, ಅಕ್ಕನ್ನೂ ಒಯ್ತೀನಿ," ಅಂದ ಥಳಕರಾಯ. "ಆಕಿನ ತಾನಾಗಿ ಬಯಸಿ ನನ್ನ ಅಂಗಡಿಗೆ ಬಂದದ್ದು."

ನಿಂಬೆವ್ವ ಕೈ ಸಡಿಲಿಸಲಿಲ್ಲ. ಕೆಳಗೆ ಕೂತಿದ್ದರಿಂದ ಅವಳಿಗೆ ಅವನ ಪಾದ ಕಂಡಿತು. ಹಿಮ್ಮಡಿ ಬಾತು ಬಿರುಕುಬಿಟ್ಟಿತ್ತು. "ಒಂದಿಷ್ಟು ಕುಂದರ್ರಿ, ಕುಂತು ಮಾತಾಡೂಣು," ಅಂದಳು.

ಅವನು ಗಟ್ಟಿಯಾಗಿ ನಕ್ಕ. "ನಾನು ಯಾರ ಮನಿಯಾಗೂ ಕುಂತಾವಲ್ಲ. ಅರಮನಿಯಾಗೂ ಕುಂತಿಲ್ಲ. ಕುಂದ್ರಬೇಕು ಅಂತ ಅನಿಸಿದ್ದ ಇಲ್ಲ."

"ಇಲ್ಲಿ ಕುಂತರ?"

ಮಾಯಗಾರರಿಗೆ ಪಂಥವೆಂದರೆ ಬಾಯಲ್ಲಿ ನೀರೂರುತ್ತದೆ. "ಆಗಲಿ," ಅಂದ. "ಬರೋ ಹಬ್ಬಕ್ಕ ಬರ್ತೀನಿ. ಮನಿ ಸಿಂಗಾರ ಮಾಡು. ಏನೂ ಕೊಳ್ಳಂಗಿಲ್ಲ. ನಾನಾಗಿ ಬಯಸಿ ಕುಂತರ ಅಕ್ಕ ನಿನ್ನಾಕಿ. ಕುಂದರದಿದ್ದರ ಅಕ್ಕನ ಬಾಜೂಕ ನೀ ನಿಂದ್ರಬೇಕು. ಜೋಡಿ ದೀಪ ಅಂದ್ರ ಚಂದ ಕಾಣ್ತಾವು."

ಕೊಳ್ಳುವುದಕ್ಕೆ ಅವಳ ಸೆರಗಿನ ಗಂಟಿನಲ್ಲಿ ಏನಾದರೂ ಇದ್ದರೆ ತಾನೆ? ನಿಂಬೆವ್ವ ಒಪ್ಪಿದಳು. ಥಳಕರಾಯನ ಆಳುಗಳು ಮನೆ ಬೋಳು ಮಾಡಿ, ರಾಯವ್ವನನ್ನು ಹೊತ್ತುಕೊಂಡು ಹೋದರು.

ಖಾಲಿ ಮನೆಯಲ್ಲಿ ಕೂತು ನಿಂಬೆವ್ವ ಯೋಚಿಸಿದಳು. ಊರು ಒಗೆದದ್ದೆಲ್ಲ ಎಲ್ಲೋ ಇರಬೇಕಲ್ಲ? ಬಟ್ಟೆಯೆಲ್ಲ ಚಿಂದಿಗುಡ್ಡದಲ್ಲಿ, ಒಡೆದದ್ದೆಲ್ಲ ಒಣಗೆರೆಯಲ್ಲಿ, ಕಟ್ಟಿಗೆಯದ್ದೆಲ್ಲ ಥಳಕರಾಯನ ಅಂಗಡಿಯ ಹಿತ್ತಲಲ್ಲಿ ಬಿದ್ದಿತ್ತು. ಮೂರೂ ಕಡೆ ಮಾಯಗಾರ ಕಾವಲು ಇಟ್ಟಿದ್ದ. ಅವನಿಗೆ ಹಳೆಯದರ ಮೇಲೆ ಅಷ್ಟೊಂದು ಹಗೆ ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.

ಮೊದಲು ಚಿಂದಿಗುಡ್ಡಕ್ಕೆ ಹೋದಳು. ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕಿನ ಕಾಗೆ ಕೂತಿತ್ತು, ಎಮ್ಮೆಯಷ್ಟು ದೊಡ್ಡದು.

"ಯಾರ ಕೈಯಾಗಿನದು?" ಅಂತ ಕೇಳಿತು ಕಾಗೆ. "ಕೈ ಹೇಳು, ಒಯ್ಯಿ. ಹೇಳದಿದ್ದರ ನೀ ನನ್ನ ಪಾಲು."

ಮಾಯಗಾರ ಜಾಣ. ಊರು ಕೈ ಹೇಳುವುದನ್ನೇ ಮರೆತ ಮೇಲೆ ಇದಕ್ಕಿಂತ ಒಳ್ಳೆಯ ಬೀಗ ಇನ್ನೊಂದಿಲ್ಲ ಅಂತ ಲೆಕ್ಕ ಹಾಕಿದ್ದ. ಆದರೆ ಕೌದಿ ಹೊಲಿಯುವವಳಿಗೆ ಊರಿನ ಬಟ್ಟೆಯೆಲ್ಲ ಗೊತ್ತಿರುತ್ತದೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ನಿಂಬೆವ್ವ ಒಂದೊಂದೇ ತುಂಡನ್ನು ಎತ್ತಿ ಅಂಗೈ ಇಟ್ಟಳು.

"ಈ ಹಸಿರು ಅಂಚು ಅಗಸರ ಗಿರಿಜವ್ವಂದು. ಮದಿವಿ ದಿನ ದೀಪದ ಕಿಡಿ ಹಾರಿ ಇಲ್ಲಿ ತೂತು ಬಿದ್ದೈತಿ. ಈ ಧೋತರ ಗೌಡರದ್ದು. ಎಡಗಡಿನ ಹರದೈತಿ ನೋಡು, ಗೌಡರು ಏಳುವಾಗ ಎಡಗಾಲು ಊರಿ ಏಳ್ತಾರ."

ಕಾಗೆ ತಲೆಯಾಡಿಸಿತು. ಎಲ್ಲದರ ಅಡಿಯಲ್ಲಿ ಅವ್ವನ ಕೌದಿ ಸಿಕ್ಕಿತು, ಹರಿದು ಮೂರು ತುಂಡಾಗಿ. ನಿಂಬೆವ್ವ ಮೂರನ್ನೂ ಜೋಡಿಸಿ ಅದರ ಮೇಲೆ ಕೈ ಇಟ್ಟಳು. "ಇದು ನಮ್ಮವ್ವನ ಕೈಯಾಗಿನದು," ಅಂದಳು. ತುಂಡುಗಳನ್ನು ಮುಖಕ್ಕೆ ಒತ್ತಿಕೊಂಡಳು. ಕಾಗೆ ತಾನಾಗಿಯೇ ಪಕ್ಕಕ್ಕೆ ಸರಿಯಿತು.

ಎರಡನೆಯದು ಒಣಗೆರೆ. ಅಲ್ಲಿ ಮನೆಯಷ್ಟು ದೊಡ್ಡ ಆಮೆ, ಒಡೆದ ಬಳೆ, ಮಡಕೆ, ಹಂಚುಗಳ ರಾಶಿಯನ್ನು ಹೊಟ್ಟೆಯಡಿ ಇಟ್ಟುಕೊಂಡು ಮಲಗಿತ್ತು.

"ಯಾರ ಕೈಯಾಗಿನದು?" ಅಂತ ಕೇಳಿತು ಆಮೆ. "ಕೈ ಹೇಳು, ಒಯ್ಯಿ. ಹೇಳದಿದ್ದರ ನೀ ನನ್ನ ಪಾಲು."

ನಿಂಬೆವ್ವ ಒಂದು ನೀಲಿ ಚೂರನ್ನು ತಿರುಗಿಸಿ ನೋಡಿದಳು. ಬಳೆ ಅವಳಿಗೆ ಗೊತ್ತಿಲ್ಲದ ಕಸುಬು. "ಮುತ್ಯಾ, ನನಗ ಗೊತ್ತಿಲ್ಲ. ಗೊತ್ತಿದ್ದವರನ್ನ ಕರಕೊಂಡು ಬರ್ತೀನಿ," ಅಂದಳು. ಆಮೆಗೆ ಅವಸರವೇನು, ಹೂಂ ಅಂದಿತು.

ಓಣಿಗೆ ಬಂದು ಒಂದೊಂದು ಮನೆಯ ಮುಂದೆಯೂ ನಿಂತು ಕರೆದಳು. ಹೆಂಗಸರು ತಮ್ಮ ತಮ್ಮ ಅಂಗಳದಲ್ಲಿ ಹೊಗೆ ಊದುತ್ತ ಕೂತಿದ್ದರು. ಒಡೆದ ಬಳೆ ಹುಡುಕುವುದಕ್ಕೆ ಹೋಗುವುದೆಂದರೆ ನಾಚಿಕೆಯಲ್ಲವೆ? ಯಾರೂ ಏಳಲಿಲ್ಲ. ಕೊನೆಗೆ ಗಿರಿಜವ್ವ ಎದ್ದಳು. ಅವಳ ಗಂಡ ಬೀಗರ ಊರಿಗೆ ಹೋದವನು ಬಂದಿರಲಿಲ್ಲ.

"ನಡಿ ತಂಗಿ," ಅಂದಳು ಗಿರಿಜವ್ವ. "ಹೊಗಿ ಕುಡದು ಕುಡದು ನನಗೂ ಸಾಕಾಗೇತಿ."

ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳ ಹಿಂದೆ ಮತ್ತೊಬ್ಬಳು. ಒಣಗೆರೆಗೆ ಓಣಿಯೇ ಬಂತು. ಮೊದಮೊದಲು ಹಿಂಜರಿದರು. ಆಮೇಲೆ ಒಬ್ಬಳು, "ಇದು ನನ್ನ ಕುಬಸದಾಗ ಇಟ್ಟ ಬಳಿ. ಮೊದಲ ಬಸುರಿ, ಕೈ ಬಾತಿತ್ತು, ಬಳೆಗಾರ ಎಣ್ಣಿ ಹಚ್ಚಿ ಏರಿಸಿದ್ದ," ಅಂದಳು. ಇನ್ನೊಬ್ಬಳು, "ಇದು ನಮ್ಮ ನೆಗೆಣ್ಣಿಂದು. ಜಗಳದಾಗ ನಾನ ಒಡದಿದ್ದೆ," ಅಂತ ನಕ್ಕಳು. ಅದಕ್ಕೆ ನೆಗೆಣ್ಣಿ ಉತ್ತರ ಕೊಟ್ಟಳು. ಮಡಕೆಯ ಬಾಯಿ, ಹಂಚಿನ ಮೂಲೆ, ಪ್ರತಿಯೊಂದಕ್ಕೂ ಒಂದು ಕತೆ, ಒಂದು ಜಗಳ, ಒಂದು ಬಾಣಂತನ. ಬಿಸಿಲು ಇಳಿದರೂ ಮುಗಿಯಲಿಲ್ಲ.

"ಸಾಕ್ರವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದಿತು ಆಮೆ. "ಎಲ್ಲಾ ಒಯ್ಯಿರಿ. ನನ್ನ ಕಿವಿ ನನಗ ಉಳಿಸಿ ಹೋಗ್ರಿ."

ಮೂರನೆಯದಕ್ಕೆ ನಿಂಬೆವ್ವ ಒಬ್ಬಳೇ ಹೋದಳು. ಅಂಗಡಿಯ ಹಿತ್ತಲಲ್ಲಿ ಹಳೆಯ ಬಾಗಿಲು, ತೊಟ್ಟಿಲು, ಒನಕೆಗಳ ಬೆಟ್ಟ. ಅದರ ಮುಂದೆ ಬೆಂಕಿಯ ನಾಲಗೆಯ ಹುಲಿ ಮಲಗಿತ್ತು. ಅದು ಆಕಳಿಸಿದರೆ ಒಂದು ತೊಲೆ ಸುಟ್ಟು ಬೂದಿ.

"ಯಾರ ಕೈಯಾಗಿನದು? ಕೈ ಹೇಳು, ಒಯ್ಯಿ. ಹೇಳದಿದ್ದರ ನೀ ನನ್ನ ಪಾಲು."

ನಿಂಬೆವ್ವ ಹೆದರಿದರೂ ಹೇಳಿದಳು. ತೊಟ್ಟಿಲು ಬಡಿಗೇರ ಮನೆಯದು, ಮೂರು ತಲೆಮಾರು ತೂಗಿದ್ದು. ಒಂಟಿ ಬಾಗಿಲು ಪೂಜಾರಿಯದು, ಚಿಲಕದ ಹತ್ತಿರ ಅರಿಸಿನದ ಬೆರಳು ಇನ್ನೂ ಮೂಡಿತ್ತು. ಹೊರಡುವ ಹೊತ್ತಿಗೆ ಒಂದು ಮಣೆ ಕಾಲಿಗೆ ತಗುಲಿತು. ಊಟಕ್ಕೆ ಕೂರುವ ಪುಟ್ಟ ಮಣೆ. ಒಂದು ಕಾಲು ಮುರಿದಿತ್ತು. ಯಾಕೋ ಅವಳಿಗೆ ಅದನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ.

"ಯಾರ ಕೈಯಾಗಿನದು?" ಅಂತ ಹುಲಿ ಎದ್ದು ನಿಂತಿತು.

ಅವಳು ಅಂಗೈ ಇಟ್ಟು ಮಣೆಯ ಉದ್ದಕ್ಕೂ ಸವರಿದಳು. "ಗೊತ್ತಿಲ್ಲ. ಆದ್ರ ಸಣ್ಣ ಕೂಸು ಕುಂದರ್ತಿತ್ತು. ಇಲ್ಲಿ ಹಿಮ್ಮಡಿ ತಿಕ್ಕಿ ತಗ್ಗು ಬಿದ್ದೈತಿ. ಎದ್ದು ಓಡಾಕ ಅವಸರ ಇದ್ದ ಕೂಸು. ಆದ್ರೂ ಯಾರೋ ಕುಂದ್ರಿಸಿ ಉಣ್ಣಿಸ್ಯಾರ."

ಹುಲಿ ಮಣೆಯನ್ನು ಮೂಸಿ ನೋಡಿತು. "ಅರ್ಧ ಹೇಳೀದಿ. ಅದಕ್ಕ ನಿನ್ನ ತಿನ್ನೂದಿಲ್ಲ. ಹೆಸರು ಹೇಳಿಲ್ಲ. ಅದಕ್ಕ ನಿನ್ನ ಹೆಸರು ನನ್ನ ಹಂತ್ಯಾಕ ಒತ್ತಿ ಇರಲಿ. ಆ ಕೂಸಿನ ಹೆಸರು ಯಾರರೆ ಹೇಳಿದ ದಿನ ನಿನ್ನದು ನಿನಗ."

ಹೀಗಂದು ನಾಲಗೆ ಚಾಚಿ ಅವಳ ಹಣೆಯನ್ನು ಒಮ್ಮೆ ನೆಕ್ಕಿತು. ಸುಡಲಿಲ್ಲ. ಹೆಸರು ಮಾತ್ರ ಹೋಯಿತು. ಅವಳು ಅದನ್ನು ನೆನೆಯಲು ನೋಡಿದರೆ ಬಾಯಿಗೆ ಬರಲಿಲ್ಲ. ಓಣಿಗೆ ಬಂದರೆ ಗಿರಿಜವ್ವ ಬಾಯಿ ತೆರೆದು, ತಡವರಿಸಿ, "ಏ ಹುಡುಗಿ," ಅಂದಳು. ಹುಲಿಯ ಮಾತು ಮೀರುವ ಧೈರ್ಯ ನನಗೂ ಇಲ್ಲ. ಇನ್ನು ಮುಂದೆ ನಾನೂ ಅವಳನ್ನು ಹುಡುಗಿ ಎಂದೇ ಕರೆಯುತ್ತೇನೆ.

ಮಣೆ ಕಂಡ ಗಿರಿಜವ್ವ ಗದರಿದಳು. "ಕೈ ಗೊತ್ತಿಲ್ಲದ್ದು ಒಳಗ ತಂದೀಯಲ್ಲ, ಬುದ್ಧಿ ಎಲ್ಲಿಟ್ಟೀ? ಒಲಿಗೆ ಹಾಕು."

ಹುಡುಗಿ ಹಾಕಲಿಲ್ಲ. ಮುರಿದ ಒನಕೆಯ ತುಂಡನ್ನು ಕಡಿದು ಮಣೆಗೆ ಕಾಲು ಜೋಡಿಸಿದಳು. ಬಣ್ಣ ಬೇರೆ, ಆದರೂ ಅಲುಗಾಡದೆ ನಿಂತಿತು.

ಆಮೇಲೆ ಅವಳು ಮನೆ ಮಾಡತೊಡಗಿದಳು. ಗುಡ್ಡದ ಕೆಮ್ಮಣ್ಣು ತಂದು ಗೋಡೆಗೆ ಬಳಿದಳು. ಸೀಮೆಸುಣ್ಣದ ಕಲ್ಲು ಅರೆದು, ದಂಟಿನ ತುದಿ ಜಜ್ಜಿ ಕುಂಚ ಮಾಡಿ, ಬಾಗಿಲ ಸುತ್ತ ಮಾತ್ರ ಬಳ್ಳಿ ಬರೆದಳು. ಗೋಡೆಯ ತುಂಬ ಬರೆಯೆಂದು ಎಲ್ಲರೂ ಅಂದರು. "ಗ್ವಾಡಿಗೂ ಉಸುರಾಡಾಕ ಜಾಗಾ ಬೇಕು," ಅಂದಳು. ಬಳೆ ಚೂರುಗಳನ್ನು ದೀಪದ ಉರಿಗೆ ಹಿಡಿದು, ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಕಿಟಕಿಗೆ ಇಳಿಬಿಟ್ಟಳು. ಬಿಸಿಲು ಬಂದಾಗ ನೆಲದ ಮೇಲೆ ನೀಲಿ, ಹಸಿರು, ಕೆಂಪು ಚೆಲ್ಲಿತು. ಒಡೆದ ಹಂಚು ಹೊಸ್ತಿಲ ಮುಂದಿನ ನೆಲವಾಯಿತು. ಬಾಯಿ ಹೋದ ಮಡಕೆಗಳು ಚೆಂಡುಹೂವಿನ ಕುಂಡವಾದವು. ಪೂಜಾರಿಯ ಬಾಗಿಲು ಅಡ್ಡ ಮಲಗಿ ಜಗಲಿಯ ಹಲಗೆಯಾಯಿತು, ಅರಿಸಿನದ ಬೆರಳು ಮೇಲೆ ಕಾಣುವಂತೆ. ತೊಟ್ಟಿಲು ಕಾಳುಕಡ್ಡಿಯ ಬುಟ್ಟಿಗಳನ್ನು ತೂಗಿತು. ಊರಿನವರೆಲ್ಲರ ತುಂಡು ಸೇರಿಸಿ, ಅವ್ವನ ಕೌದಿಯನ್ನು ನಡುವೆ ಇಟ್ಟು, ಒಂದು ದೊಡ್ಡ ಕೌದಿ ಹೊಲಿದಳು. ಅದಕ್ಕೆ ಗೋಡೆ ಬೇಕಿರಲಿಲ್ಲ, ನೆಲಕ್ಕೆ ಹಾಸಿದಳು.

ಓಣಿಯವರು ಒಮ್ಮೆ ನೋಡಿಹೋಗಲು ಬಂದವರು ಕೌದಿಯ ಮೇಲೆ ಕೂತುಬಿಡುತ್ತಿದ್ದರು. ಕೂತವರು ತಮ್ಮ ತುಂಡನ್ನು ಹುಡುಕುತ್ತಿದ್ದರು. ಸಿಕ್ಕಿದರೆ ಅದರ ಮೇಲೆ ಕೈ ಇಟ್ಟು ಸುಮ್ಮನಿರುತ್ತಿದ್ದರು. ಹುಡುಗಿಗೆ ಅದನ್ನು ನೋಡಿ ಸಂತೋಷವಾಗುತ್ತಿತ್ತು, ಮರುಗಳಿಗೆಯೇ ಅಕ್ಕನ ನೆನಪಾಗಿ ಕಣ್ಣು ತುಂಬುತ್ತಿತ್ತು. ಹೆಸರು ಹಿಡಿದು ಗದರಿಸಲೂ ಅವಳಿಗೆ ಯಾರೂ ಇರಲಿಲ್ಲ.

ಮಾವು ಹೂಬಿಟ್ಟಿತು. ಹಬ್ಬದ ದಿನ ನಡುಮಧ್ಯಾಹ್ನ ಥಳಕರಾಯ ಬಂದ. ಅವನ ಹಿಂದೆ ಆಳುಗಳು ರಾಯವ್ವನ ಹಿತ್ತಾಳೆ ಬೊಂಬೆಯನ್ನು ಹೊತ್ತು ತಂದು ಹೊಸ್ತಿಲ ಬಳಿ ಇಳಿಸಿದರು. "ಜೋಡಿ ಮಾಡಿ ಒಯ್ಯಾಕ ಅನುಕೂಲ ಆಗಲಿ ಅಂತ," ಅಂದ. ಊರು ಅಂಗಳದಲ್ಲಿ ಬಂದು ನೆರೆಯಿತು.

ಅವನು ಒಳಗೆ ಬಂದ. ಕಿಟಕಿಯ ಬಣ್ಣ ಅವನ ನಿಲುವಂಗಿಯ ಕನ್ನಡಿಗಳಲ್ಲಿ ಕುಣಿಯಿತು. ಗೋಡೆ ನೋಡಿದ, ಬಳ್ಳಿ ನೋಡಿದ, ಕೌದಿಯ ಸುತ್ತ ಒಂದು ಸುತ್ತು ಬಂದ.

"ಚಂದ ಐತಿ," ಅಂದ. ಸುಳ್ಳು ಹೇಳುವವನಾಗಿರಲಿಲ್ಲ. "ಖರೇನ ಚಂದ ಐತಿ. ಆದ್ರ ಕುಂದ್ರಬೇಕು ಅಂತ ಅನಸಲಿಲ್ಲ."

ಅವನು ಬೆತ್ತ ಎತ್ತಿದ. ಹೊರಗೆ ಗಿರಿಜವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತಡೀರಿ," ಅಂದಳು ಹುಡುಗಿ. ಇನ್ನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಹಬ್ಬದ ದಿನ ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೆ? ಅಕ್ಕ ಕಲಿಸಿದ ನಡತೆ ಅದು. "ನೀರುಬೆಲ್ಲ ತಗೊಂಡು ಆಮ್ಯಾಲ ಏನ್ ಮಾಡೂದೈತಿ ಮಾಡ್ರಿ."

ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಳು. ಒಲೆಯ ಪಕ್ಕ ಇದ್ದ ಮಣೆಯನ್ನು, ಅಭ್ಯಾಸಬಲದಿಂದ, ಕಾಲಿನಿಂದ ಸರಿಸದೆ ಬಗ್ಗಿ ಕೈಯಿಂದಲೇ ಎತ್ತಿ ಅವನ ಮುಂದೆ ಹಾಕಿದಳು.

ಥಳಕರಾಯನ ಕೈಯಲ್ಲಿದ್ದ ಬೆತ್ತ ಕೆಳಗೆ ಬಿತ್ತು.

"ಇದು ಯಾರ ಕೈಯಾಗಿನದು?" ಅಂದ. ದನಿ ಬದಲಾಗಿತ್ತು.

"ಗೊತ್ತಿಲ್ರಿ."

"ಗೊತ್ತಿಲ್ಲದ್ದು ಒಳಗ ತಂದೀ?"

"ತಂದೀನ್ರಿ, ತಪ್ಪಾತು. ಒಂದು ಕೂಸು ಇದರ ಮ್ಯಾಲ ಕುಂತು ಉಣ್ತಿತ್ತು. ಅಷ್ಟ ಗೊತ್ತು. ಈ ಸಂದಿಯಾಗ ಬೆಲ್ಲದ ಜಿಗಟು ಇನ್ನೂ ಐತಿ."

"ಬೆಲ್ಲ ಅಲ್ಲ," ಅಂದ ಮಾಯಗಾರ. "ಜೋನಿಬೆಲ್ಲ. ರೊಟ್ಟಿಗೆ ಹಚ್ಚಿ ಸುರುಳಿ ಸುತ್ತಿ ಕೊಡ್ತಿದ್ಲು."

ಅವನು ನಿಧಾನವಾಗಿ ಬಗ್ಗಿ ಮಣೆಯ ಮೇಲೆ ಅಂಗೈ ಇಟ್ಟ. ಊರು ಮರೆತ ಪದ್ಧತಿ ಅವನ ಕೈಗೆ ನೆನಪಿತ್ತು.

"ಇದು ಚೆನ್ನವ್ವನ ಕೈಯಾಗಿನದು," ಅಂದ. "ಆಕಿ ಮಗ ಅಡಿವೆಪ್ಪ. ಬಡವರ ಮನಿ. ಮನಿ ನೋಡೋ ಹಬ್ಬದಾಗ ಈ ಊರವರು ಹೊಸ್ತಿಲತನಕ ಬಂದು, ಒಳಗ ಇಣುಕಿ, ನಕ್ಕು ಹೋದರು. ಯಾರೂ ಕುಂದರಲಿಲ್ಲ. ಮಗಗ ನಾಚಿಕಿ ಆತು. ಇದ್ದದ್ದು ಇದೊಂದ ಮಣಿ, ಅದನ್ನ ಎತ್ತಿ ಬೀದಿಗೆ ಒಗದ. ಕಾಲು ಮುರೀತು. ಅವ್ವ ಏನೂ ಅನ್ನಲಿಲ್ಲ. ಏನರೆ ಅಂದಿದ್ದರ ಚಲೋ ಆಗ್ತಿತ್ತು. ಅವತ್ತ ಊರು ಬಿಟ್ಟ ಮಗ ಆಕೀನ್ನ ಮತ್ತ ನೋಡಲಿಲ್ಲ."

ಅಂಗಳದಲ್ಲಿ ಮುದುಕರು ಕೆಲವರು ತಲೆ ತಗ್ಗಿಸಿದರು. ನಕ್ಕವರಲ್ಲಿ ಅವರೂ ಇದ್ದರು.

"ಕುಂದರ್ರಿ ಅಣ್ಣಾ," ಅಂದಳು ಹುಡುಗಿ. "ಈಗ ಅಲುಗಾಡೂದಿಲ್ಲ. ನಾ ಗಟ್ಟಿ ಮಾಡೀನಿ."

ಅಡಿವೆಪ್ಪ ಕೂತ. ಮಡಿಚಿ ಗೊತ್ತಿಲ್ಲದ ಆ ನಿಲುವಂಗಿ ಪಟಪಟನೆ ಬಿರಿದು, ಕನ್ನಡಿಗಳೆಲ್ಲ ಉದುರಿ ಹೋದವು. ಒಳಗೆ ಉಳಿದದ್ದು ಕಾಲು ಬಾತ, ದಣಿದ ಒಬ್ಬ ಮನುಷ್ಯ. ಅವನು ಮಕ್ಕಳ ಹಾಗೆ ಮೊಣಕಾಲು ಮಡಿಚಿಕೊಂಡು, ಬೆಲ್ಲ ಬಾಯಿಗೆ ಹಾಕಿಕೊಂಡು, ಎಲ್ಲರೆದುರು ಅತ್ತ.

ದೂರದ ಹಿತ್ತಲಲ್ಲಿ ಹುಲಿ ಒಮ್ಮೆ ಗರ್ಜಿಸಿತು. ಹೊಸ್ತಿಲ ಬಳಿ ಹಿತ್ತಾಳೆಯ ಬೊಂಬೆ ಉಸಿರೆಳೆದುಕೊಂಡಿತು. ಕೈಯಲ್ಲಿದ್ದ ಹಣತೆ ಜಾರಿ ಬಿತ್ತು.

"ನಿಂಬೀ," ಅಂದಳು ರಾಯವ್ವ.

ಇಷ್ಟು ದಿನ ಯಾರ ಬಾಯಿಗೂ ಬಾರದ ಹೆಸರು ಮೊದಲು ಬಂದದ್ದು ಅಕ್ಕನ ಬಾಯಿಗೆ. ನಿಂಬೆವ್ವ ಓಡಿಹೋಗಿ ತಬ್ಬಿಕೊಂಡಳು. ಈ ಸಲ ಸೊಂಟ ಬೆಚ್ಚಗಿತ್ತು. ರಾಯವ್ವ ತಂಗಿಯ ತಲೆ ಸವರುತ್ತಲೇ ಮನೆಯನ್ನೆಲ್ಲ ಕಣ್ಣಾಡಿಸಿ ನೋಡಿದಳು, ನಡುವೆ ಅವ್ವನ ಕೌದಿ ಕಂಡಿತು, ಮುಂದೆ ನೋಡಲಾರದೆ ಅತ್ತಳು.

ಅದೇ ಗಳಿಗೆಯಲ್ಲಿ ಊರಿನ ಮನೆಮನೆಯಲ್ಲೂ ಗಲಾಟೆ. ಗೌಡರ ಹವಳದ ಮಂಚ ಅವರ ಭಾವಮೈದುನನಾಗಿ ಮೈ ಮುರಿದು ಎದ್ದು ಕೂತಿತು. ಬೆಳ್ಳಿ ಉಯ್ಯಾಲೆ ಗಿರಿಜವ್ವನ ಗಂಡನಾಗಿ, ಸರಪಳಿ ಕಳಚಿಕೊಂಡು, ಹಸಿವೆಯೆಂದು ಓಣಿಗೆ ಓಡಿಬಂತು. ಅರಮನೆಯಲ್ಲಿ ಅರಸ ನೋವಿನ ಕಾಲನ್ನು ಇಟ್ಟುಕೊಳ್ಳುತ್ತಿದ್ದ ಬಂಗಾರದ ಪೀಠ ಅವನ ಸೋದರತ್ತೆಯಾಗಿ, "ಕಾಲು ತಗೀಯೋ ಮ್ಯಾಲಿಂದ," ಅಂದಿತು. ಅರಸ ಗಾಬರಿಯಾಗಿ ಸಿಂಹಾಸನದ ಮೇಲೆ ಕೂತ. ಕೂತಮೇಲೆ ಎಷ್ಟು ಹಾಯೆನಿಸಿತೆಂದರೆ ಆ ದಿನ ಎಲ್ಲರ ಕಂದಾಯ ಬಿಟ್ಟುಬಿಟ್ಟ.

ಬೀಗರ ಊರಿಗೆ ಹೋದವರೆಲ್ಲ ಹೀಗೆ ಬಂದರು. ಖಾಲಿಯಾದ ಮನೆಗಳನ್ನು ತುಂಬಿಕೊಳ್ಳಲು ಜನ ಚಿಂದಿಗುಡ್ಡಕ್ಕೂ ಒಣಗೆರೆಗೂ ಹೋದರು, ಒಬ್ಬರಿಗೊಬ್ಬರು ಕೈ ಹೇಳಿ ಹೇಳಿ ಕೊಟ್ಟರು. ಯಾವ ಮೂಲೆಗೆ ಏನು ಇಟ್ಟರೆ ಚಂದ ಅಂತ ಕೇಳಲು ನಿಂಬೆವ್ವನ ಮನೆಯ ಮುಂದೆ ಸಾಲು ನಿಂತಿತು. ಅಕ್ಕತಂಗಿಯರ ಸೂಜಿಗೆ ಬಿಡುವೇ ಇಲ್ಲದಾಯಿತು. ನಿಂಬೆವ್ವನ ಮದುವೆ ಆಯಿತೇ ಅಂತ ಕೇಳುತ್ತೀರಿ, ಗೊತ್ತು. ಆಯಿತು. ನೋಡಲು ಬಂದವನು ಯಾರೂ ಹೇಳದೆಯೇ ಕೌದಿಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ, ಅಷ್ಟಕ್ಕೇ ಒಪ್ಪಿದಳು.

ಅಡಿವೆಪ್ಪ ಅದೇ ಓಣಿಯಲ್ಲಿ ಉಳಿದ. ಕಾಲು ಮುರಿದ ಮಣೆ, ಮಂಚಗಳಿಗೆ ಕಾಲು ಜೋಡಿಸಿ ಕೊಡುವುದು ಅವನ ಕಸುಬಾಯಿತು. ಹೋದ ವರ್ಷಗಳು ಹೋದವು, ಚೆನ್ನವ್ವ ತಿರುಗಿ ಬರಲಿಲ್ಲ. ಆದರೆ ಪ್ರತಿ ಹಬ್ಬದ ದಿನ ಊರೆಲ್ಲ ಮೊದಲು ಅವನ ಮನೆಗೆ ಹೋಗಿ, ಒಳಗೆ ಬಂದು, ಕೂತು, ಆಮೇಲೆ ಬೇರೆ ಮನೆಗಳಿಗೆ ಹೋಗುತ್ತಿತ್ತು.

ಹಳೆಯದನ್ನು ಕೊಡುವಾಗ ಕೈ ಹೇಳಬೇಕಲ್ಲ. ಈ ಕತೆ ನನ್ನ ಸೋದರತ್ತೆ ಕಾಶವ್ವನ ಕೈಯಾಗಿನದು. ಕೌದಿಗೆ ಟಾಕು ಹಾಕುತ್ತ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹೇಳುತ್ತಿದ್ದಳು. ನೀವೂ ಅಂಗೈ ಇಟ್ಟಿರಿ, ಕೇಳಿದಿರಿ. ಇನ್ನು ಇದು ನಿಮ್ಮದು, ಎತ್ತಿಕೊಂಡು ಹೋಗಿ.